ಹಿತ್ತಾಳೆ ಬಿಡಿಭಾಗಕ್ಕೆ ಪ್ಲಾಸ್ಟಿಕ್ ಸಿಮೆಂಟ್ ಹಿಡಿಯುವುದಿಲ್ಲ: ಸ್ಪಷ್ಟನೆ

ಪ್ಲಾಸ್ಟಿಕ್ ಕಿಟ್ ಜೋಡಿಸಿ ಪುಟ್ಟ ಮಾದರಿಗಳನ್ನು ಮಾಡುವ ಪುಣೆಯ ಕನ್ನಡ ಗೆಳೆಯರ ವಾಟ್ಸಾಪ್ ಗುಂಪುಗಳಲ್ಲಿ, "1/35 ಅಳತೆಯ (ನಿಜದ್ದಕ್ಕಿಂತ 35 ಪಟ್ಟು ಚಿಕ್ಕ) ಟ್ಯಾಂಕ್ ಮಾಡೆಲ್ಲಿನ ಹಿತ್ತಾಳೆ, ರೆಸಿನ್ (ಅಚ್ಚಿಗೆ ಸುರಿದು ಗಟ್ಟಿಮಾಡಿದ ರಾಳ) ಬಿಡಿಭಾಗಗಳಿಗೂ ಪ್ಲಾಸ್ಟಿಕ್ ಸಿಮೆಂಟೇ ಸಾಕು, ರಾತ್ರಿಯಿಡೀ ಒಣಗಲು ಬಿಡಿ" ಎಂಬ ಸಂದೇಶ ಓಡಾಡುತ್ತಿದೆ. ಇದು ತಪ್ಪು. ಸಿಮೆಂಟ್ ಎಂಬ ಆ ಅಂಟು ಕೆಲಸ ಮಾಡುವುದು ಕಿಟ್‌ನ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ತುಸು ಕರಗಿಸಿ, ಎರಡು ತುಂಡುಗಳನ್ನು ಬೆಸೆದು. ಹಿತ್ತಾಳೆಯಾಗಲಿ ರೆಸಿನ್ ಆಗಲಿ ಅದರಲ್ಲಿ ಕರಗುವುದಿಲ್ಲ. ಎಂಜಿನ್ ಮೇಲಿನ ಹಿತ್ತಾಳೆ ಜಾಲರಿ ಬೆಳಗ್ಗೆ ಗಟ್ಟಿಯಾಗಿ ಕೂತಂತೆಯೇ ಕಾಣುತ್ತದೆ; ಬಣ್ಣದ ಬ್ರಷ್ ತಗುಲಿದರೆ ಎದ್ದು ಬರುತ್ತದೆ, ಅಡಿಯ ಪ್ಲಾಸ್ಟಿಕ್ ಮಾತ್ರ ಕರಗಿ ಹಾಳಾಗಿರುತ್ತದೆ. ಇವಕ್ಕೆ ಬೇಕಾದ್ದು ಸೂಪರ್ ಗ್ಲೂ, ಅಂದರೆ ಸಯನೋಅಕ್ರಿಲೇಟ್, ಸೂಜಿಮೊನೆಯಷ್ಟು ಸಾಕು. ತೇವಾಂಶದಿಂದ ಗಟ್ಟಿಯಾಗುವ ಅಂಟದು, ಪುಣೆಯ ಮಳೆಗಾಲದಲ್ಲಂತೂ ಸರಿಪಡಿಸಲು ಬಿಡುವೇ ಕೊಡುವುದಿಲ್ಲ! ನಿಧಾನವಾಗಿ ಗಟ್ಟಿಯಾಗುವ ಅಂಟು ಬೇಕಿದ್ದರೆ, ಎರಡು ಭಾಗ ಬೆರೆಸಿ ಹಚ್ಚುವ ಎಪಾಕ್ಸಿ ಬಳಸಿ. ಆ ಸಂದೇಶವನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ.