ಬೋರಲು ಮಲಗಿದ ಬಂಧುಬಳಗ

ಸ್ಕ್ಯಾನರಿಗೆ ಹಿರಿಯರು ಕಿರಿಯರು ಅನ್ನುವ ಭೇದ ಇಲ್ಲ. ಊರಿಗೇ ಶಾನುಭೋಗರಾಗಿದ್ದ ಮುತ್ತಾತ ಇರಲಿ, ಅಂಬೆಗಾಲಿಡುವ ಕೂಸಿರಲಿ, ಗಾಜಿನ ಮೇಲೆ ಬೋರಲು ಮಲಗಲೇಬೇಕು. ಬದುಕಿದ್ದಷ್ಟು ದಿನ ಯಾರ ಮುಂದೆಯೂ ತಲೆ ಬಗ್ಗಿಸದ ನಮ್ಮ ಮುತ್ತಾತ ಮೊನ್ನೆ ಪೇಟ, ಶಲ್ಯ, ಊರುಗೋಲು ಸಮೇತ ಮುಖ ಕೆಳಗೆ ಮಾಡಿ ಮಲಗಿದರು. ಮುಚ್ಚಳ ಮುಚ್ಚಿದೆ. ಒಳಗಿಂದ ಗುಂಯ್ ಅಂತ ಸದ್ದು ಬಂತು. ಅಡುಗೆಮನೆಯಿಂದಲೇ ಅಮ್ಮ, 'ನಿಧಾನ ಕಣೋ, ಅವರಿಗೆ ಸಿಟ್ಟು ಜಾಸ್ತಿ' ಅಂದರು.

ಹಳೇ ಫೋಟೋ ಇರುವ ಮನೆಯಲ್ಲಿ ಯಾರಾದರೂ ಒಬ್ಬರಿಗೆ ಅವನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುವ ಹುಚ್ಚು ಹಿಡಿಯುವುದು ಖಂಡಿತ. ನಮ್ಮ ಮನೆಯಲ್ಲಿ ಅದು ನನ್ನ ಪಾಲಿಗೆ ಬಂತು. ಅಟ್ಟದಿಂದ ಕಬ್ಬಿಣದ ಟ್ರಂಕು ಇಳಿಯಿತು. ನುಸಿಗುಳಿಗೆ ವಾಸನೆಯ ಜೊತೆ ಮೂರು ತಲೆಮಾರು ಹೊರಗೆ ಬಂತು. ಕಪ್ಪು ಹಾಳೆಯ ಆಲ್ಬಂ, ಹಾಳೆ ಹಾಳೆಯ ನಡುವೆ ಜೇಡರಬಲೆ ಚಿತ್ತಾರದ ತೆಳು ಕಾಗದ. ಕಲರ್ ಲ್ಯಾಬಿನವರು ರೀಲು ತೊಳೆಸಿದ್ದಕ್ಕೆ ಬಿಟ್ಟಿ ಕೊಡುತ್ತಿದ್ದ ಪ್ಲಾಸ್ಟಿಕ್ ಆಲ್ಬಂಗಳು. ಬಿಸ್ಕತ್ ಡಬ್ಬದ ತುಂಬ ಸುರುಳಿ ಸುತ್ತಿಕೊಂಡ ನೆಗೆಟಿವ್. ತಳದಲ್ಲಿ, ಎಪ್ಪತ್ತರ ದಶಕದಲ್ಲಿ ಓದಲು ಅಮೆರಿಕಕ್ಕೆ ಹೋಗಿದ್ದ ಸೋದರಮಾವನ ಸ್ಲೈಡು ಪೆಟ್ಟಿಗೆ, ಅಂದರೆ ಪ್ರೊಜೆಕ್ಟರಿನಲ್ಲಿ ಹಾಕಿ ನೋಡುವ ಫಿಲ್ಮಿನ ತುಂಡುಗಳು.

'ಮೊಬೈಲಲ್ಲೇ ಹೊಡ್ಕೊಂಡ್ರೆ ಆಗಲ್ವಾ ಮಾಮ?' ಅಂತ ಅಕ್ಕನ ಮಗ ಕೇಳಿದ. ಆಗುತ್ತೆ. ಫೋಟೋದ ಜೊತೆ ಟ್ಯೂಬ್‌ಲೈಟೂ ಬರುತ್ತೆ, ಹೊಡೆದವನ ತಲೆಯ ನೆರಳೂ ಬರುತ್ತೆ, ನೆಟ್ಟಗೆ ನಿಂತಿದ್ದ ತಾತ ಒಂದು ಕಡೆ ವಾಲುತ್ತಾರೆ. ಸ್ಕ್ಯಾನರಿನಲ್ಲಿ ಬೆಳಕೂ ಅದರದ್ದೇ, ದೂರವೂ ಅದರದ್ದೇ. ನಾವು ಮಾಡಬೇಕಾದ್ದು ಗಾಜು ಒರೆಸಿ, ಸುಮ್ನೆ ಕೂರೋದು.

ಅಂದ ಹಾಗೆ, ಸ್ಕ್ಯಾನ್ ಆಗಿ ಕಂಪ್ಯೂಟರಿನೊಳಗೆ ಹೋದ ಮೊಟ್ಟಮೊದಲ ಫೋಟೋ ಯಾರದ್ದು ಗೊತ್ತಾ? 1957ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ರಸೆಲ್ ಕಿರ್ಷ್ ಮತ್ತು ಜೊತೆಯವರು, ಉರುಳೆಗೆ ಫೋಟೋ ಸುತ್ತಿ ಓದುವ ಒಂದು ಯಂತ್ರ ಮಾಡಿದರು. ಸರ್ಕಾರಿ ಕಚೇರಿ, ಸರ್ಕಾರಿ ಕಂಪ್ಯೂಟರ್. ದೇಶದ ಅಧ್ಯಕ್ಷರ ಫೋಟೋ ಇಟ್ಟಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಕಿರ್ಷ್ ಇಟ್ಟದ್ದು ತಮ್ಮ ಮೂರು ತಿಂಗಳ ಮಗನ ಫೋಟೋ. ಐದು ಸೆಂಟಿಮೀಟರ್ ಚೌಕ. ಅಗಲಕ್ಕೆ 176 ಚುಕ್ಕಿ, ಎತ್ತರಕ್ಕೆ 176 ಚುಕ್ಕಿ, ಅಷ್ಟೇ. ಇವತ್ತಿನ ವಾಟ್ಸಾಪ್ ಡಿಪಿಗಿಂತ ಮಸುಕು. ಆದರೂ ಮಗು ಅಂತ ಗೊತ್ತಾಗುತ್ತೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಈಗಿನಂತೆ ಗಾಜಿನ ಮೇಲೆ ಮಲಗಿಸಿ, ಸಿಸಿಡಿ ಎಂಬ ಬೆಳಕು ಗ್ರಹಿಸುವ ಚಿಪ್ಪಿನಿಂದ ಓದಿಸುವ ಸ್ಕ್ಯಾನರು ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ, ರೇ ಕುರ್ಜ್‌ವೈಲ್ ಅವರ ಕಂಪನಿಯಿಂದ. ಅವರಿಗೆ ಫೋಟೋದ ಗೊಡವೆ ಇರಲಿಲ್ಲ. ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳುವ ಯಂತ್ರ ಮಾಡಹೊರಟಿದ್ದರು.

ಒಳಗೆ ನಡೆಯುವುದು ಇಷ್ಟು. ಒಂದು ಬೆಳಕಿನ ಪಟ್ಟಿ ನಿಧಾನ ಸರಿಯುತ್ತದೆ. ಫೋಟೋಗೆ ಬಡಿದು ಬಂದ ಬೆಳಕನ್ನು ಕನ್ನಡಿಗಳು, ಲೆನ್ಸು ಒಂದು ಸಾಲು ಸೆನ್ಸರಿಗೆ ಕೊಡುತ್ತವೆ. ಒಂದು ಗೆರೆ ಓದಿ ಮುಂದಿನ ಗೆರೆಗೆ ಹೋಗುತ್ತದೆ. ಕಾಗದದ ಫೋಟೋಗೆ ಇಷ್ಟು ಸಾಕು. ನೆಗೆಟಿವ್, ಸ್ಲೈಡಿಗೆ ಬೆಳಕು ಹಿಂದಿನಿಂದ ಬರಬೇಕು, ಅದಕ್ಕೆ ಮುಚ್ಚಳದೊಳಗೂ ಒಂದು ದೀಪ ಬೇಕು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ತೆಳ್ಳನೆಯ ಸ್ಕ್ಯಾನರುಗಳಲ್ಲಿ ಆ ದೀಪ ಇರೋದಿಲ್ಲ. ಗಾಜಿಗೆ ಅಂಟಿಕೊಂಡಿದ್ದನ್ನು ಬಿಟ್ಟು ಬೇರೇನೂ ಅವಕ್ಕೆ ಚೆನ್ನಾಗಿ ಕಾಣೋದೂ ಇಲ್ಲ. ಕೊಳ್ಳುವವರು ಡಬ್ಬದ ಮೇಲಿನ ದೊಡ್ಡ ಸಂಖ್ಯೆ ನೋಡುವ ಬದಲು ಮುಚ್ಚಳ ಎತ್ತಿ ನೋಡುವುದು ಒಳ್ಳೇದು. 6400 ಡಿಪಿಐ, ಅಂದರೆ ಇಂಚಿಗೆ ಅಷ್ಟು ಚುಕ್ಕಿ, ಅಂತ ಬರೆದಿದ್ದರೂ ಗಾಜಿನ ಮೇಲೆ ಮಲಗಿಸುವ ಈ ಫ್ಲಾಟ್‌ಬೆಡ್ಡುಗಳು ನಿಜವಾಗಿ ಹಿಡಿಯೋದು ಅದರ ಅರ್ಧಕ್ಕಿಂತ ಕಡಿಮೆ. ಕಾಗದದ ಫೋಟೋಗೆ 600 ಇಟ್ಟರೆ ಧಾರಾಳ. ನಾಲ್ಕು ಇಂಚು ಆರು ಇಂಚಿನ ಫೋಟೋ ಅಷ್ಟಕ್ಕೇ 26 ಎಂಬಿಯ ಟಿಫ್ ಫೈಲಾಗಿ ಕೂರುತ್ತದೆ. ಅದಕ್ಕಿಂತ ಜಾಸ್ತಿ ಇಟ್ಟರೆ ಬರೋದು ಕಾಗದದ ನಾರು ಮಾತ್ರ. 35 ಎಂಎಂ ನೆಗೆಟಿವ್ ಚಿಕ್ಕದು, ಅದಕ್ಕೆ 2400ರ ಮೇಲೆ ಬೇಕು.

ಕೆಲಸದ ಲಯ ಮಾತ್ರ ಬೆಳಗಿನ ದೋಸೆಯದ್ದೇ. ಹಾಕು, ಮುಚ್ಚು, ಕಾಯಿ, ತೆಗಿ, ಒರೆಸು, ಮತ್ತೆ ಹಾಕು. ಮಧ್ಯೆ ಕರೆಂಟ್ ಹೋದರೆ ಚಿಕ್ಕಪ್ಪನ ಮುಖ ಮೀಸೆಯವರೆಗೆ ಬಂದು ನಿಲ್ಲುತ್ತದೆ. ಫ್ಯಾನ್ ಹಾಕುವ ಹಾಗಿಲ್ಲ, ಧೂಳು ಕೂರುತ್ತೆ. ಫ್ಯಾನ್ ಇಲ್ಲದಿದ್ದರೆ ಬೆರಳು ಬೆವರುತ್ತೆ, ಬೆವರಿನ ಗುರುತು ನೆಗೆಟಿವ್ ಮೇಲೆ ಕೂರುತ್ತೆ. ಏಪ್ರಿಲ್ ತಿಂಗಳಲ್ಲಿ ಈ ಕೆಲಸ ಶುರು ಮಾಡಬೇಡಿ.

ಇಷ್ಟೆಲ್ಲ ಯಾಕೆ ಅಂದರೆ, ಫೋಟೋದಲ್ಲಿ ಯಾರು ಮುಖ್ಯ ಅನ್ನೋದು ಸ್ಕ್ಯಾನರಿಗೆ ಗೊತ್ತಿಲ್ಲ. ನಾವು ಆಲ್ಬಂ ನೋಡುವಾಗ ಮುಖ ನೋಡುತ್ತೇವೆ, ಹಾಳೆ ತಿರುವುತ್ತೇವೆ. ಇದು ಮುಖಕ್ಕೆ ಎಷ್ಟು ಹೊತ್ತು ಕೊಡುತ್ತೋ ಮೂಲೆಯ ಚೊಂಬಿಗೂ ಅಷ್ಟೇ ಹೊತ್ತು ಕೊಡುತ್ತೆ.

ದೊಡ್ಡಮ್ಮನ ಮೊಗ್ಗಿನ ಜಡೆ ಫೋಟೋ ನೋಡಿ. ಇಂಥದ್ದೊಂದು ನಮ್ಮ ಕಡೆ ಹೆಣ್ಣುಮಕ್ಕಳಿದ್ದ ಮನೆಗಳಲ್ಲೆಲ್ಲ ಇರುತ್ತದೆ. ಮಲ್ಲಿಗೆ ಮೊಗ್ಗು ಹೆಣೆದ ಜಡೆ, ಡಾಬು, ವಂಕಿ, ರೇಷ್ಮೆ ಲಂಗ. ಅಷ್ಟು ಕಷ್ಟಪಟ್ಟು ಹೆಣೆದ ಜಡೆ ಬೆನ್ನ ಹಿಂದೆ ಅಡಗಿದರೆ ಏನು ಬಂತು? ಅದಕ್ಕೇ ಸ್ಟುಡಿಯೋದವರು ಹಿಂದೆ ಒಂದು ನಿಲುವುಗನ್ನಡಿ ಇಡುತ್ತಿದ್ದರು. ಮುಂದೆ ಮುಖ, ಕನ್ನಡಿಯಲ್ಲಿ ಜಡೆ. ಈ ಫೋಟೋವನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಸ್ಕ್ರೀನಿನ ಮೇಲೆ ದೊಡ್ಡದು ಮಾಡಿ ಕನ್ನಡಿಯ ಬಲ ಅಂಚಿಗೆ ಹೋದರೆ ಅಲ್ಲೊಂದು ಮರದ ಮುಕ್ಕಾಲಿ. ಅದರ ಪಕ್ಕ ಒಂದು ಬಿಳೀ ತೋಳು, ಮೊಣಕೈವರೆಗೆ ಮಡಚಿದ್ದು. ಇನ್ನೂ ಆಚೆ ಬಾಗಿಲ ಹತ್ತಿರ ಯಾರೋ ಹೆಂಗಸು, ಬಾಯಲ್ಲಿ ಎರಡು ಹೇರ್‌ಪಿನ್ ಕಚ್ಚಿಕೊಂಡು ನಿಂತಿದ್ದಾರೆ. ಅಮ್ಮನನ್ನು ಕರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. 'ಅಯ್ಯೋ, ಅಜ್ಜಿ! ಜಡೆ ಹೆಣೆದಿದ್ದೇ ಅವರು. ನನಗೊಂದು ಫೋಟೋ ಬೇಡ ಅಂತಿದ್ರು, ನೋಡು ಹೆಂಗೆ ಬಂದು ನಿಂತ್ಕೊಂಡಿದಾರೆ.' ಆಮೇಲೆ ಗ್ಯಾಸ್ ಮೇಲಿಟ್ಟ ಹಾಲು ಉಕ್ಕಿತು, ಅದು ಬೇರೆ ಮಾತು.

ನೆಗೆಟಿವ್‌ಗಳ ಕಥೆ ಇನ್ನೂ ಮಜಾ. ನಮ್ಮಲ್ಲಿರುವ ಹಳೆಯವೆಲ್ಲ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾದವು. ಸಾದಾ ಕ್ಯಾಮೆರಾ. '120' ಅನ್ನುವ ಅಗಲ ರೀಲು, ಒಂದು ರೀಲಿಗೆ ಚೌಕಾಕಾರದ 12 ಫೋಟೋ. ರೀಲು ದುಬಾರಿ, ಪ್ರಿಂಟು ಅದಕ್ಕಿಂತ ದುಬಾರಿ. ಅದಕ್ಕೇ ನೆಗೆಟಿವ್ ಎಷ್ಟಿದೆಯೋ ಅಷ್ಟೇ ಅಗಲದ ಪುಟಾಣಿ ಪ್ರಿಂಟು ಹಾಕಿಸುತ್ತಿದ್ದರು. ಆರು ಸೆಂಟಿಮೀಟರ್ ಕೂಡ ಇಲ್ಲದ ಆ ಚೌಕದಲ್ಲಿ ಇಡೀ ಮದುವೆ ಮನೆ. ಅದೇ ನೆಗೆಟಿವ್ ಅನ್ನು 2400ಕ್ಕೆ ಸ್ಕ್ಯಾನ್ ಮಾಡಿದರೆ ಒಂದೊಂದು ಬದಿಗೂ 5,000ಕ್ಕೂ ಜಾಸ್ತಿ ಪಿಕ್ಸೆಲ್. ಲೆನ್ಸು ಸಾಧಾರಣದ್ದು, ಮೂಲೆಗಳು ಮಬ್ಬು, ನಿಜ. ಆದರೂ ಪ್ರಿಂಟಿನಲ್ಲಿ ಚುಕ್ಕಿಯಾಗಿದ್ದವರಿಗೆ ಕಣ್ಣು ಮೂಗು ಬರುತ್ತದೆ. ಸ್ಟುಡಿಯೋದವರು ದೊಡ್ಡ ಪ್ರಿಂಟು ಹಾಕುವಾಗ ಅಂಚಿನಲ್ಲಿ ಕತ್ತರಿಸಿ ಬಿಟ್ಟವರೂ ನೆಗೆಟಿವ್‌ನಲ್ಲಿ ಹಾಗೇ ನಿಂತಿರುತ್ತಾರೆ.

ನೆಗೆಟಿವ್ ಇಡುವಾಗ ಒಂದು ಬದಿ ಹೊಳಪು, ಇನ್ನೊಂದು ಮಂಕು. ಗಾಜಿಗೆ ಪೂರ್ತಿ ತಾಗಿದರೆ ಕಾಮನಬಿಲ್ಲಿನ ಬಣ್ಣದ ಉಂಗುರಗಳು ಮೂಡುತ್ತವೆ, ನ್ಯೂಟನ್ ಉಂಗುರ ಅಂತಾರೆ. ತಿರುಗಮುರುಗ ಇಟ್ಟರೆ ಎಡ ಬಲವಾಗುತ್ತದೆ. ಬಹಳ ಫೋಟೋಗಳಲ್ಲಿ ಅದು ಗೊತ್ತೇ ಆಗೋದಿಲ್ಲ. ಮುಂಜಿ ಫೋಟೋದಲ್ಲಿ ಮಾತ್ರ ಬಚಾವಾಗೋಕೆ ಆಗಲ್ಲ. ವಟುವಿನ ಎಡ ಹೆಗಲ ಮೇಲಿನ ಜನಿವಾರ ಬಲ ಹೆಗಲಿಗೆ ಬಂದು, ಮುಂಜಿ ದಿನವೇ ಪಿತೃಕಾರ್ಯಕ್ಕೆ ಕೂತ ಹಾಗಾಗುತ್ತದೆ. ಆ ಫೋಟೋ ಚಿಕ್ಕಪ್ಪನ ಕೈಗೆ ಹೋದರೆ ಏನಾಗುತ್ತೆ ಅಂತ ಬೇರೆ ಹೇಳಬೇಕಾ?

ಧೂಳು ತೆಗೆಯಲು ಕೆಲವು ಸ್ಕ್ಯಾನರುಗಳಲ್ಲೇ ಒಂದು ಜಾಣತನ ಇಟ್ಟಿರುತ್ತಾರೆ. ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಕಲರ್ ಫಿಲ್ಮಿನ ಬಣ್ಣಗಳ ಮೂಲಕ ಸಲೀಸಾಗಿ ಹಾದುಹೋಗುತ್ತದೆ. ಧೂಳು, ಗೀರು ಮಾತ್ರ ಅಡ್ಡ ನಿಲ್ಲುತ್ತವೆ. ಎಲ್ಲಿ ಅಡ್ಡ ಬಂತೋ ಅಲ್ಲಿ ಸಾಫ್ಟ್‌ವೇರ್ ಒರೆಸಿಬಿಡುತ್ತದೆ. ಎಂಬತ್ತರ ದಶಕದ ಕಲರ್ ನೆಗೆಟಿವ್‌ಗಳಲ್ಲಿ ಇದು ಪವಾಡ ಮಾಡುತ್ತದೆ. ಕಪ್ಪುಬಿಳುಪಿನಲ್ಲಿ ಹಾಗಲ್ಲ. ಅಲ್ಲಿ ಚಿತ್ರವೇ ಬೆಳ್ಳಿಯ ಕಣ. ಬೆಳ್ಳಿ ಇನ್ಫ್ರಾರೆಡ್ಡನ್ನು ಬಿಡೋದಿಲ್ಲ. ಫೋಟೋದಲ್ಲಿ ಎಲ್ಲಿ ಬಿಳಿ ಇದೆಯೋ ನೆಗೆಟಿವ್‌ನಲ್ಲಿ ಅಲ್ಲೇ ಬೆಳ್ಳಿ ದಟ್ಟ. ಹಾಗಾಗಿ ಸಾಫ್ಟ್‌ವೇರಿಗೆ ತಾತನ ಮಡಿ ಪಂಚೆಯೇ ಕೊಳೆಯಾಗಿ ಕಾಣುತ್ತದೆ, ಒರೆಸಲು ಹೊರಡುತ್ತದೆ. ಆ ಜಾಣತನವನ್ನು ಆಫ್ ಮಾಡಿಟ್ಟು, ರಬ್ಬರ್ ಬಲ್ಬಿನಲ್ಲಿ ಗಾಳಿ ಊದಿಕೊಂಡು, ಉಳಿದ ಚುಕ್ಕಿಗಳನ್ನು ಕೈಯಾರೆ ತೆಗೆಯುವುದೇ ದಾರಿ.

ಅಂಥ ದಟ್ಟ ನೆಗೆಟಿವ್‌ಗಳಲ್ಲಿ ಎಷ್ಟೋ ಉಳಿದೇ ಇಲ್ಲ. 1980ರ ಫೆಬ್ರವರಿ 16ರಂದು ಕಾರವಾರ ಕಡೆಯಿಂದ ಹುಬ್ಬಳ್ಳಿ, ರಾಯಚೂರಿನ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋಯಿತಲ್ಲ, ನಮ್ಮೂರಲ್ಲಿ ಪೂರ್ಣ ಕಾಣದಿದ್ದರೂ ನೋಡುವ ಚಪಲ ಪೂರ್ಣವಾಗಿಯೇ ಇತ್ತು. ಓಣಿಯ ಹುಡುಗರೆಲ್ಲ ನೆಗೆಟಿವ್ ಹಿಡಿದು ಆಕಾಶ ನೋಡಿದರಂತೆ. ಕಣ್ಣಿಗೆ ಅಪಾಯ ಅಂತ ಯಾರಿಗೂ ಹೊಳೆದಿಲ್ಲ. ಚಿಕ್ಕಪ್ಪನ ಮದುವೆಯ ಧಾರೆ ಫೋಟೋಗಳ ನೆಗೆಟಿವ್ ಹೋಗಿದ್ದು ಹಾಗೆ. ಚಿಕ್ಕಮ್ಮ ಇವತ್ತಿಗೂ, 'ನಮ್ಮ ಧಾರೆಗೆ ಗ್ರಹಣ ಹಿಡೀತು' ಅಂತಾರೆ.

ಕಲರ್ ಪ್ರಿಂಟಿನಲ್ಲಿ ಬೇರೆ ರಗಳೆ. ಆ ಕಾಲದ ಕಾಗದದಲ್ಲಿ ನೀಲಿ-ಹಸಿರು ಛಾಯೆಯ ಬಣ್ಣ ಕತ್ತಲೆಯಲ್ಲಿಟ್ಟರೂ ಮೊದಲು ಮಾಸುತ್ತದೆ. ಉಳಿಯೋದು ಕೆಂಪು. ಮದುಮಗ ಕೆಂಪು, ಮದುಮಗಳು ಕೆಂಪು, ಚಪ್ಪರದ ಬಾಳೆಕಂದೂ ಕೆಂಪು. ಬಣ್ಣ ಸರಿಮಾಡುವ ಬಟನ್ ಒತ್ತಿದರೆ ಬಾಳೆಕಂದು ಹಸಿರಾಯಿತು. ಸೀರೆ ಮಾತ್ರ ಅಮ್ಮನಿಗೆ ಒಪ್ಪಿಗೆಯಾಗಲಿಲ್ಲ. 'ಅದು ಕೆಂಪಲ್ಲ, ಬದನೆಕಾಯಿ ಬಣ್ಣ.' ಸ್ವಲ್ಪ ನೇರಳೆಗೆ ಎಳೆದೆ. 'ಇಷ್ಟು ಕಪ್ಪಿಲ್ಲ.' ಮಾತಾಡಿ ಪ್ರಯೋಜನವಿಲ್ಲ ಅಂತ ಬೀರು ತೆಗೆದು ಸೀರೆಯನ್ನೇ ತಂದರು. ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದರು. ಸೆರಗನ್ನು ಮಾನಿಟರ್ ಪಕ್ಕ ಹಿಡಿದು ನಿಂತರು. ವೃತ್ತಿಯವರು ಬಣ್ಣ ಹೊಂದಿಸಲು ಅಚ್ಚಾದ ಬಣ್ಣದ ಚೌಕಗಳ ಕಾರ್ಡು ಇಟ್ಟುಕೊಳ್ಳುತ್ತಾರೆ. ನನಗೆ ಜರಿ ಅಂಚಿನ ಸೀರೆಯೇ ಕಾರ್ಡಾಯಿತು. ಸೀರೆ ಸರಿಹೋದ ಕೂಡಲೇ ಅಪ್ಪನ ಮುಖ ಹಸಿರಾಯಿತು. 'ಇರಲಿ ಬಿಡು' ಅಂದರು ಅಮ್ಮ.

ಸೋದರಮಾವನ ಸ್ಲೈಡುಗಳು ಈ ಗಲಾಟೆಗೇ ಇಲ್ಲ. ಕೊಡಾಕ್ರೋಮ್ ಫಿಲ್ಮು, ಕತ್ತಲಲ್ಲಿದ್ದರೆ ಬಣ್ಣ ಕೆಡೋದು ತೀರಾ ಕಡಿಮೆ. ಹಿಮ ನಿನ್ನೆ ಬಿದ್ದಿದ್ದು ಅನ್ನಿಸುತ್ತೆ. ಕೊಡಾಕ್ ಕಂಪನಿ ಆ ಫಿಲ್ಮನ್ನು 2009ರಲ್ಲಿ ನಿಲ್ಲಿಸಿತು. ತೊಳೆಯುವ ಕೊನೆಯ ಲ್ಯಾಬು ಕಾನ್ಸಾಸ್‌ನಲ್ಲಿತ್ತು, ಅದೂ 2010ರ ಕೊನೆಗೆ ಕೈಬಿಟ್ಟಿತು. ಸ್ಕ್ಯಾನಿನಲ್ಲಿ ಕೊಂಚ ನೀಲಿ ತಿರುಗುತ್ತದೆ, ಇನ್ಫ್ರಾರೆಡ್ ಜಾಣತನವೂ ಇದರ ಮುಂದೆ ಸರಿಯಾಗಿ ನಡೆಯೋದಿಲ್ಲ. ಉಳಿದಂತೆ ನೋಡಲು ಏನೂ ಇಲ್ಲ ಅನ್ನಬೇಕು. ನಯಾಗರ, ಮಾವ. ಕಾರು, ಮಾವ. ಬೇರೆ ಕಾರು, ಅದಕ್ಕೂ ಒರಗಿದ ಮಾವ. ಯಾವ ಕಾರೂ ಅವರದ್ದಲ್ಲ ಅಂತ ಅತ್ತೆ ಮದುವೆಯಾದ ಮೇಲೆ ಗೊತ್ತುಮಾಡಿಕೊಂಡರು.

ಈಗ ಕೃತಕ ಬುದ್ಧಿಮತ್ತೆಯ ಆ್ಯಪುಗಳು ಬಂದಿವೆ. ಮಸುಕು ಮುಖ ಕೊಟ್ಟರೆ ಚೊಕ್ಕ ಮುಖ ಕೊಡುತ್ತವೆ. ಅಕ್ಕನ ಮಗ ಮುತ್ತಾತನನ್ನು ಅದಕ್ಕೆ ಹಾಕಿದ. ಸಿಡುಬಿನ ಕಲೆ ಹೋಯಿತು, ಕಣ್ಣಿಗೆ ಹೊಳಪು ಬಂತು, ಸೀರಿಯಲ್ಲಿನಲ್ಲಿ ಮಾವನ ಪಾತ್ರ ಮಾಡುವವರ ಕಳೆ ಬಂತು. ಯಾರೋ ಚೆನ್ನಾಗಿದ್ದಾರೆ, ನಮ್ಮವರಲ್ಲ. ಕಲೆ ಇರೋ ಫೈಲನ್ನು ಬೇರೆ ಡಿಸ್ಕಿನಲ್ಲೂ ಒಂದು ಪ್ರತಿ ಮಾಡಿಟ್ಟೆ.

ಅಂಚಿನಲ್ಲಿದ್ದವರ ವಿಷಯಕ್ಕೆ ಬಂದರೆ, 'ಗೊತ್ತಿಲ್ಲದವರು' ಅಂತ ನನ್ನದೊಂದು ಫೋಲ್ಡರ್ ಇದೆ. ಎಲ್ಲಕ್ಕಿಂತ ದೊಡ್ಡದು ಅದೇ. ಅದರಲ್ಲೊಬ್ಬ ಮನುಷ್ಯ ಅಮ್ಮನ ಮದುವೆಯ ನೆಗೆಟಿವ್‌ಗಳಲ್ಲಿ ಮತ್ತೆ ಮತ್ತೆ ಬರುತ್ತಾರೆ. ಆಲ್ಬಂನ ಪ್ರಿಂಟುಗಳಲ್ಲಿ ಎಲ್ಲೂ ಇಲ್ಲ. ಹೆಗಲ ಮೇಲೆ ಟವೆಲು, ಕೈಯಲ್ಲಿ ಹಾಳೆ ಚೀಟಿ, ಮುಖದಲ್ಲಿ ಬೇಸರ. ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಅಷ್ಟು ದೊಡ್ಡ ಸ್ಕ್ಯಾನು ಅಲ್ಲಿ ಹಿಂಡಿಹೋಗಿ, ಶುಭೋದಯದ ಗುಲಾಬಿ ಹೂವಿನ ಕೆಳಗೆ ಬಿತ್ತು. ಅಪ್ಪನ ಕಡೆಯವರು 'ಹುಡುಗಿ ಕಡೆಯವರಿರಬೇಕು' ಅಂದರು. ಅಮ್ಮನ ಕಡೆಯವರು 'ನಿಮ್ಮವರೇ ಅಲ್ವಾ?' ಅಂದರು. ರಾತ್ರಿ ಸೋದರತ್ತೆಯ ವಾಯ್ಸ್ ಮೆಸೇಜು ಬಂತು: 'ಅವರಾ? ಅಡುಗೆ ಭಟ್ಟರು ಕಣೋ. ಕೈಯಲ್ಲಿರೋದು ಸಾಮಾನು ಪಟ್ಟಿ. ಬೆಲ್ಲ ಸಾಲ್ದು ಅಂತ ನಿಮ್ಮಜ್ಜನ ಹಿಂದೆ ಹಿಂದೇನೇ ಓಡಾಡ್ತಿದ್ರು.'

ಫೈಲನ್ನು 'ಮದುವೆ' ಫೋಲ್ಡರಿಗೆ ಹಾಕಿದೆ. ಬೆಳಿಗ್ಗೆ ಅಮ್ಮ ಕೇಳಿಸಿಕೊಂಡು, 'ಭಟ್ಟರು ಇಷ್ಟು ತೆಳ್ಳಗೆಲ್ಲಿದ್ರು? ಅತ್ತಿಗೆಗೆ ಏನೂ ನೆನಪಿರಲ್ಲ' ಅಂದರು. ವಾಪಸ್ ತಂದು 'ಗೊತ್ತಿಲ್ಲದವರು' ಫೋಲ್ಡರಿಗೇ ಹಾಕಿದ್ದೇನೆ. ಭಾನುವಾರ ಅತ್ತೆ ಊಟಕ್ಕೆ ಬರುತ್ತಾರಂತೆ, ಕನ್ನಡಕ ತಗೊಂಡು.