ಎಂಜಲು ಬೆರಳಿನ ಪುಟ

ನಮ್ಮ ಮನೆಗೆ ಫ್ರಿಜ್ ಕೊಳ್ಳಲು ಅರ್ಧ ಗಂಟೆ ಸಾಕಾಗಿತ್ತು. ಇ-ರೀಡರ್ ಕೊಳ್ಳಲು ಮೂರು ತಿಂಗಳು ಹಿಡಿಯಿತು. ಫ್ರಿಜ್ ಯಾರದು ಅಂತ ಯಾರೂ ಕೇಳಿರಲಿಲ್ಲ.

ಶುರುವಾಗಿದ್ದು ಮಗಳಿಂದ. ಅವಳಿಗೆ ಹನ್ನೊಂದು ವರ್ಷ. ಪುಸ್ತಕ ತಂದುಕೊಟ್ಟರೆ ಎರಡು ದಿನಕ್ಕೆ ಮುಗಿಸಿ "ಮುಂದಿನದು?" ಅಂತ ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಾಳೆ. ಕಪಾಟು ತುಂಬಿತು, ಮಂಚದ ಕೆಳಗೂ ತುಂಬಿತು. "ಅಮ್ಮಾ, ಇ-ರೀಡರ್ ತಗೊಳ್ಳೋಣ, ಸಾವಿರಾರು ಪುಸ್ತಕ ಹಿಡಿಯುತ್ತೆ" ಅಂದಳು. ನಮ್ಮ ಯಜಮಾನರು ಅವತ್ತು ರಾತ್ರಿಯೇ ಎಕ್ಸೆಲ್ ಶೀಟ್ ತೆರೆದರು. ಆರಿಂಚೋ ಏಳಿಂಚೋ, ಎಷ್ಟು ಜಿಬಿ, ನೀರು ಬಿದ್ದರೆ ತಡೆಯುತ್ತೋ ಇಲ್ವೋ. ಆರು ವರ್ಷದ ಮಗ ಕೇಳಿದ್ದು ಒಂದೇ ಪ್ರಶ್ನೆ. "ಅದ್ರಲ್ಲಿ ಕಾರ್ಟೂನ್ ಬರುತ್ತಾ?" ಬರಲ್ಲ ಅಂದೆ. "ಹಂಗಾದ್ರೆ ಅಕ್ಕಂಗೇ ಇರ್ಲಿ" ಅಂದ. ಅಷ್ಟು ಧಾರಾಳ ಅವನು ಯಾವತ್ತೂ ಆಗಿದ್ದಿಲ್ಲ.

ಅಂಗಡಿಯ ಹುಡುಗ ಟ್ಯಾಬ್ ತೋರಿಸಿದ. "ಮೇಡಂ, ಇದೇ ರೇಟಿಗೆ ಟ್ಯಾಬೇ ಬರುತ್ತೆ. ಓದಬಹುದು, ಇನ್ನೂ ಏನೇನೋ ಮಾಡಬಹುದು." ಆ 'ಇನ್ನೂ ಏನೇನೋ' ನಮ್ಮ ಮನೆಯಲ್ಲಿ ಏನಾಗುತ್ತದೆ ಅಂತ ನನಗೆ ಗೊತ್ತು. ಓದುವ ಯಂತ್ರದಲ್ಲಿ ನನಗೆ ಬೇಕಾಗಿದ್ದ ದೊಡ್ಡ ಗುಣ ಅಂದರೆ ಅದಕ್ಕೆ ಬೇರೇನೂ ಬರಬಾರದು.

ಇ-ರೀಡರಿನ ಇ-ಇಂಕ್ ಪರದೆಗೆ ನಿಜಕ್ಕೂ ಬೇರೇನೂ ಸರಿಯಾಗಿ ಬರುವುದಿಲ್ಲ. ಅದರೊಳಗೆ ಕೂದಲೆಳೆಯಷ್ಟು ದಪ್ಪದ ಲಕ್ಷಾಂತರ ಗುಳ್ಳೆಗಳಿರುತ್ತವೆ. ಒಂದೊಂದರಲ್ಲೂ ಬಿಳಿ ಕಣ, ಕಪ್ಪು ಕಣ. ಕರೆಂಟು ಕೊಟ್ಟ ಹಾಗೆ ಒಂದು ಮೇಲೇಳುತ್ತದೆ, ಇನ್ನೊಂದು ತಳ ಸೇರುತ್ತದೆ. ಮೇಲೆ ಬಂದದ್ದು ಅಲ್ಲೇ ನಿಲ್ಲುತ್ತದೆ, ಅದನ್ನು ನಿಲ್ಲಿಸಲು ಮತ್ತೆ ಕರೆಂಟು ಬೇಡ. ಅದಕ್ಕೇ ಒಂದು ಸಲ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಪುಟ ಬದಲಾಗುವಾಗ ಒಮ್ಮೊಮ್ಮೆ ಕಣ್ಣು ಮಿಟುಕಿಸಿದ ಹಾಗೆ ಕಪ್ಪಾಗಿ, ಆಮೇಲೆ ಬೆಳ್ಳಗಾಗುತ್ತದೆ. ಅಷ್ಟು ನಿಧಾನದ ಪರದೆಯ ಮೇಲೆ ಕಾರ್ಟೂನ್ ಎಲ್ಲಿ ಓಡೀತು? 2007ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅಮೆಜಾನ್ ಕಂಪನಿಯ ಇ-ರೀಡರ್ ಕಿಂಡಲ್ ಮೊದಲ ಸಲ ಬಂದಾಗ ಬೆಲೆ 399 ಡಾಲರ್. ಅದು ಐದೂವರೆ ಗಂಟೆಯಲ್ಲಿ ಮಾರಾಟವಾಗಿ ಖಾಲಿಯಾಗಿತ್ತಂತೆ. ಯಜಮಾನರ ಎಕ್ಸೆಲ್ ಶೀಟು ಅಷ್ಟು ಹೊತ್ತಿನಲ್ಲಿ ತಲೆಬರಹವನ್ನೂ ದಾಟುತ್ತಿರಲಿಲ್ಲ.

ಬೆಲೆ ಹತ್ತು ಸಾವಿರದ ಆಸುಪಾಸು ಅಂತ ಕೇಳಿ ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದರು. "ಇನ್ನೂರು ರೂಪಾಯಿದು ಐವತ್ತು ಪುಸ್ತಕ ಬರುತ್ತಲ್ಲಮ್ಮ." ನಿಜವೇ. ಅದೂ ಯಂತ್ರ ಕೊಂಡ ಮೇಲೆ ಪುಸ್ತಕ ಬೇರೆ ಕೊಳ್ಳಬೇಕು. ಕೊಂಡದ್ದೂ ಪೂರ್ತಿ ನಮ್ಮದಲ್ಲ. 2009ರಲ್ಲಿ ಅಮೆಜಾನ್ ತನ್ನ ಅಂಗಡಿಯಲ್ಲಿ ಮಾರಾಟವಾಗಿದ್ದ ಎರಡು ಪುಸ್ತಕಗಳನ್ನು, ಅವುಗಳ ಹಕ್ಕಿನ ತಕರಾರಿನಿಂದಾಗಿ, ಕೊಂಡವರ ಕಿಂಡಲ್‌ಗಳಿಂದ ದೂರದಲ್ಲೇ ಕೂತು ಅಳಿಸಿಹಾಕಿತ್ತು. ದುಡ್ಡು ವಾಪಸ್ ಕೊಟ್ಟಿತು ಅನ್ನಿ. ಇದನ್ನು ಹೇಳಿದ್ದಕ್ಕೆ ಅತ್ತೆ, "ಇಲಿ ತಿಂದ್ರೂ ಚೂರಾದ್ರೂ ಉಳಿಯುತ್ತೆ" ಅಂದರು.

ಆದರೆ ಅಕ್ಷರ ದೊಡ್ಡದು ಮಾಡಬಹುದು ಅಂದದ್ದೇ ತಡ, ಎಲ್ಲರಿಗಿಂತ ಜಾಸ್ತಿ ಅವಸರ ಅವರಿಗೇ. ಭೂತಗನ್ನಡಿ ಹಿಡಿದು ಹಿಡಿದು ಕೈ ಸೋತಿತ್ತು ಪಾಪ. "ಕನ್ನಡ ಬರುತ್ತೆ ತಾನೇ?"

ಅಲ್ಲಿ ನಾವು ಮುಗ್ಗರಿಸಿದೆವು. 2016ರ ಕೊನೆಗೆ ಕಿಂಡಲ್ ಅಂಗಡಿ ಭಾರತದ ಐದು ಭಾಷೆಗಳನ್ನು ಕರೆದು ಕೂರಿಸಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಪಂಕ್ತಿಯಲ್ಲಿ ಕನ್ನಡಕ್ಕೆ ಎಲೆ ಹಾಕಿರಲಿಲ್ಲ. ಕನ್ನಡದ ಇ-ಪುಸ್ತಕಗಳಿಗೆ ಮೈಲ್ಯಾಂಗ್‌ನಂಥ ಆ್ಯಪ್‌ಗಳಿವೆ, ಆದರೆ ಅವಕ್ಕೆ ಫೋನೋ ಟ್ಯಾಬೋ ಬೇಕು. ಯಾವುದನ್ನು ಮಕ್ಕಳ ಕೈಯಿಂದ ಬಿಡಿಸಬೇಕು ಅಂತ ಹೊರಟೆನೋ, ಕನ್ನಡ ಓದಬೇಕಾದರೆ ಅದನ್ನೇ ಕೈಗೆ ಕೊಡಬೇಕು!

ಉಳಿದದ್ದು ಪಿಡಿಎಫ್. ಇಪಬ್ ಅನ್ನುವ ಇ-ಪುಸ್ತಕದ ಫೈಲು ನೀರಿನ ಹಾಗೆ, ಪರದೆ ಎಷ್ಟಿದೆಯೋ ಅಷ್ಟಕ್ಕೆ ಹರಡಿಕೊಳ್ಳುತ್ತದೆ. ಪಿಡಿಎಫ್ ಇಟ್ಟಿಗೆ. ಆರಿಂಚಿನಲ್ಲಿ ಹಿಡಿಸಿದರೆ ಒತ್ತಕ್ಷರಗಳು ಸಾಸಿವೆ ಕಾಳು. ದೊಡ್ಡದು ಮಾಡಿದರೆ ಅರ್ಧ ಸಾಲು ಪರದೆಯ ಆಚೆ.

ಕೊನೆಗೆ ಕೊಂಡದ್ದು ಆರಿಂಚಿನದೇ, ಎಲ್ಲಕ್ಕಿಂತ ಅಗ್ಗದ್ದು. ಬಂದ ಮೊದಲ ವಾರದಲ್ಲೇ ಗೊತ್ತಾಯಿತು, ಸಾವಿರ ಪುಸ್ತಕ ಹಿಡಿಯುವ ಯಂತ್ರವನ್ನು ಒಂದು ಸಲಕ್ಕೆ ಒಬ್ಬರೇ ಓದಬಹುದು. ಮೊದಲಾದರೆ ಮಗಳ ಕೈಲೊಂದು ಪುಸ್ತಕ, ಮಗನ ಕೈಲೊಂದು, ಅತ್ತೆ ದಿಂಬಿನ ಪಕ್ಕ ಒಂದು. ಈಗ ಇಡೀ ಕಪಾಟು ಒಬ್ಬರ ತೊಡೆಯ ಮೇಲಿದ್ದರೆ ಉಳಿದವರು ಬಾಯಿ ಬಾಯಿ ಬಿಡಬೇಕು. ಪಕ್ಕದ ಮನೆ ಹುಡುಗಿ ಒಂದು ಪುಸ್ತಕ ಎರವಲು ಕೇಳಿದಳು. ಏನು ಕೊಡಲಿ, ಕಪಾಟನ್ನೇ ಹೊತ್ತು ಕೊಡಬೇಕಾಗಿತ್ತು. ಕಾರ್ಟೂನ್ ಬರದ ಯಂತ್ರ ಬೇಡ ಅಂದವನೂ ಈಗ ಜಗಳಕ್ಕೆ ನಿಂತ. ಅಕ್ಕನ ಕೈಲಿದೆ ಅನ್ನುವುದೇ ಸಾಕಲ್ವಾ?

ಅವನಿಗಾಗಿ ಸ್ಟೋರಿವೀವರ್‌ನಿಂದ ಒಂದಷ್ಟು ಕನ್ನಡ ಕಥೆ ಇಳಿಸಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ತಾಣ ಅದು, ಪುಕ್ಕಟೆ. ಮಕ್ಕಳ ಕಥೆಯಲ್ಲಿ ಪುಟಕ್ಕೆ ಮೂರೋ ನಾಲ್ಕೋ ಸಾಲು, ದಪ್ಪ ಅಕ್ಷರ, ಹಾಗಾಗಿ ಪಿಡಿಎಫ್ ಆದರೂ ಓದಲು ಬರುತ್ತದೆ. ಚಿತ್ರಗಳು ಮಾತ್ರ ನಮ್ಮ ಪರದೆಯ 16 ಬೂದು ಛಾಯೆಗಳಲ್ಲಿ.

"ಅಜ್ಜಿ, ಈ ಆನೆಗೆ ಬಣ್ಣಾನೇ ಇಲ್ಲ."

"ಆನೆ ಇರೋದೇ ಬೂದು ಕಣೋ."

"ಗಿಳಿ?"

ಅತ್ತೆ ಕನ್ನಡಕ ಸರಿ ಮಾಡಿಕೊಂಡರು. "ಅದು ಮೋಡದ ದಿನ. ಮುಂದಿನ ಪುಟ ತೆಗಿ."

ಅವನು ತೋರುಬೆರಳನ್ನು ನಾಲಿಗೆಗೆ ಮುಟ್ಟಿಸಿ, ಥೇಟ್ ಅವರ ಹಾಗೇ, ಪರದೆಯ ಮೂಲೆಯನ್ನು ಸವರಿದ. ಪುಟ ತಿರುಗಲಿಲ್ಲ. ಅತ್ತೆ ಸೆರಗಿನಿಂದ ಒರೆಸಿ, ತಮ್ಮ ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡು, "ಹಂಗಲ್ಲ, ಹಿಂಗೆ" ಅಂತ ತೋರಿಸಿಕೊಟ್ಟರು.