ಸ್ಪಷ್ಟನೆ: ಹೇಗ್ ನ್ಯಾಯಾಲಯ ಕಂಪನಿಗಳ ವ್ಯಾಜ್ಯ ಕೇಳುವುದಿಲ್ಲ

ಗಡಿಯಾಚೆಗಿನ ವ್ಯಾಜ್ಯಗಳ ಕುರಿತು ವಿಶ್ವವಿದ್ಯಾಲಯದಲ್ಲಿ ನಡೆದ ನಮ್ಮ ಕಾನೂನು ವಿಚಾರ ಸಂಕಿರಣದ ಹೆಸರಲ್ಲಿ ಒಂದು ಸಂದೇಶ ಹರಿದಾಡುತ್ತಿದೆ: ‘ವಿದೇಶಿ ಕಂಪನಿ ಹಣ ಕೊಡದಿದ್ದರೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಬಹುದು.’ ಇದು ತಪ್ಪು. ಅಲ್ಲಿ ಕಕ್ಷಿದಾರರಾಗಲು ರಾಷ್ಟ್ರಗಳಿಗೆ ಮಾತ್ರ ಅವಕಾಶ. ಆ ನ್ಯಾಯಾಲಯದ ಶಾಸನದ 34ನೇ ವಿಧಿಯೇ ಹಾಗೆನ್ನುತ್ತದೆ.

ನಾವು ಚರ್ಚಿಸಿದ್ದು 1958ರ ನ್ಯೂಯಾರ್ಕ್ ಒಪ್ಪಂದವನ್ನು. ಅದಕ್ಕೆ ಸೇರಿದ 170ಕ್ಕೂ ಹೆಚ್ಚು ದೇಶಗಳಲ್ಲಿ ವಿದೇಶಿ ಆರ್ಬಿಟ್ರೇಷನ್ (ನ್ಯಾಯಾಲಯದ ಬದಲು, ಎರಡೂ ಪಕ್ಷ ಒಪ್ಪಿದಂತೆ ಮಧ್ಯಸ್ಥಗಾರರು ವ್ಯಾಜ್ಯ ತೀರ್ಮಾನಿಸುವ ವಿಧಾನ) ತೀರ್ಪಿನ ಜಾರಿ ಕೋರಬಹುದು. ಅದೂ ತಾನಾಗಿ ಜಾರಿಯಾಗದು: ಎದುರುಪಕ್ಷದ ಆಸ್ತಿ ಇರುವ ದೇಶದ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಅವರಿಗೆ ಸರಿಯಾದ ನೋಟಿಸ್ ಹೋಗಿರದಿದ್ದರೆ ಅರ್ಜಿ ಬಿದ್ದುಹೋಗಲೂಬಹುದು. ಸಂದೇಶ ನಂಬಿ ಯಾರಾದರೂ ಕಾಲಮಿತಿ ಕಳೆದುಕೊಂಡಾರು ಎಂಬುದೇ ನನ್ನ ಆತಂಕ. ನಿಮ್ಮ ಕರಾರಿನಲ್ಲಿ ಆರ್ಬಿಟ್ರೇಷನ್ ಷರತ್ತು ಇದೆಯೇ, ಮೊದಲು ನೋಡಿ.